ನನ್ನ ಬಾಯಿಂದ ಹೋದ ಸಿಲಿಂಡರು

ಮೊನ್ನೆ ಕುಷ್ಟಗಿಯಲ್ಲಿ ತಂಗಿಯ ಬಸುರಿ ಮೊಮ್ಮಗಳ ಕುಬಸ ಮುಗಿಸಿಕೊಂಡು ಯಲಬುರ್ಗಾ ಬಸ್ಸಿಗೆ ಕಾಯುತ್ತಿದ್ದೆ. ಬಿಸಿಲಿತ್ತು, ಬಸ್ಸಿರಲಿಲ್ಲ. ರಸ್ತೆ ಪಕ್ಕದ ಒಂದು ಹೋಟೆಲ್ಲಿನಲ್ಲಿ ಚಹಾ ಹೇಳಿ ಬೆಂಚಿನ ಮೇಲೆ ಕುಂತೆ. ಚಹಾ ಬರುವ ಮೊದಲು ಹಿಂದಿನ ಬಾಗಿಲ ಕಡೆಯಿಂದ ಗ್ಯಾಸಿನ ವಾಸನೆ ಬಂತು. ಯಾರೋ ಸಿಲಿಂಡರು ಬದಲಿಸುತ್ತಿದ್ದರು. ಆ ವಾಸನೆಗೆ ಉಳಿದವರು ಹೆದರುತ್ತಾರೆ, ನನಗೆ ಸಿಟ್ಟು ಬರುತ್ತದೆ. ಎದ್ದು ಹೋಗಿ ಬಗ್ಗಿ ನೋಡಿದೆ. ಗೋಡೆಗೆ ಹಚ್ಚಿ ಐದು ಕೆಂಪು ಸಿಲಿಂಡರು ನಿಲ್ಲಿಸಿದ್ದರು. ಕೆಂಪು ಅಂದರೆ ಮನೆಯದು. ಹೋಟೆಲ್ಲಿಗೆ ಬರಬೇಕಾದದ್ದು ಬೇರೆ ಬಣ್ಣದ್ದು, ಅದಕ್ಕಿಂತ ದೊಡ್ಡದು. ಇದು ನನಗೆ ಮೊದಲು ಗೊತ್ತಿರಲಿಲ್ಲ. ಆ ಒಂದು ಮಳೆಗಾಲ ಆದಮೇಲೆ ನಮ್ಮ ಓಣಿಯ ಸಣ್ಣ ಮಕ್ಕಳಿಗೂ ಗೊತ್ತಾಗಿದೆ.

ಆ ಮಳೆಗಾಲದ ಮಾತು ಹೇಳುತ್ತೇನೆ. ಹೇಳಿದರೆ ನನ್ನ ಮರ್ಯಾದೆಯೇ ಮೊದಲು ಹೋಗುತ್ತದೆ, ಹೋಗಲಿ.

ನಮ್ಮದು ಯಲಬುರ್ಗಾ ತಾಲೂಕಿನ ಒಂದು ಸಣ್ಣ ಊರು. ಗಂಗಾವತಿ ಕಡೆಯವರಂತೆ ನಮಗೆ ಕಾಲುವೆಯಿಲ್ಲ, ಭತ್ತವಿಲ್ಲ. ಜೋಳ, ತೊಗರಿ, ಹತ್ತಿ, ಇತ್ತೀಚೆಗೆ ಗೋವಿನಜೋಳ. ಬಿತ್ತಿ ಮುಗಿದ ಮೇಲೆ ಗಂಡಸರು ಊರಲ್ಲಿ ನಿಲ್ಲುವುದಿಲ್ಲ. ಮಂಗಳೂರಿಗೆ ಸೆಂಟ್ರಿಂಗ್ ಕೆಲಸಕ್ಕೆ, ಗೋವಾಕ್ಕೆ ರಸ್ತೆ ಕೆಲಸಕ್ಕೆ ಗುಳೆ ಹೋಗುತ್ತಾರೆ. ಹೋಗುವಾಗ ಮನೆಯಲ್ಲಿದ್ದ ಒಂದೇ ಫೋನನ್ನು ಕಿಸೆಯಲ್ಲಿ ಹಾಕಿಕೊಂಡು ಹೋಗುತ್ತಾರೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದಿನದೆಲ್ಲ ಇದರಿಂದಲೇ ಆದದ್ದು.

ನನ್ನ ಮಗ ಬಸವರಾಜ ಮಾತ್ರ ನನಗೆ ಬೇರೆ ಒಂದು ಫೋನು ಕೊಡಿಸಿದ್ದ. ಗುಂಡಿ ಒತ್ತುವ ಫೋನು. ಅವನ ಹೆಂಡತಿ ಶರಣವ್ವನಿಗೆ ದಮ್ಮಿನ ಬೇನೆ ಇತ್ತು. ಹೊಗೆ ತಾಗಿದರೆ, ಧೂಳು ತಾಗಿದರೆ ಎದೆ ಕಟ್ಟುತ್ತಿತ್ತು. ಕೊಪ್ಪಳದ ಡಾಕ್ಟರು ಬರೆದುಕೊಟ್ಟ ಮಾತ್ರೆಗಿಂತ ದೊಡ್ಡ ಮಾತು ಒಂದೇ ಹೇಳಿದ್ದರು, ಈ ಹೆಣ್ಣುಮಗಳು ಒಲೆಯ ಹೊಗೆಯಲ್ಲಿ ಕೂಡಬಾರದು. ದೂರದಲ್ಲಿದ್ದ ಮಗನಿಗೆ ಹೆಂಡತಿಯ ಉಸಿರಿನ ಸುದ್ದಿ ತಿಳಿಯಲಿ ಅಂತಲೇ ಆ ಫೋನು ನನ್ನ ಸೊಂಟದ ಚೀಲದಲ್ಲಿ ಬಂದು ಕುಂತದ್ದು.

ಸರ್ಕಾರದ ಗ್ಯಾಸು ಕೊಡುತ್ತಾರೆ ಅಂತ ಒಬ್ಬ ಫಾರ್ಮು ಹಿಡಿದುಕೊಂಡು ಬಂದು ಹನುಮಪ್ಪನ ಗುಡಿಯ ಕಟ್ಟೆ ಮೇಲೆ ಕುಂತಾಗ ನಮ್ಮ ಓಣಿಯ ಹೆಣ್ಣುಮಕ್ಕಳೆಲ್ಲ ಸಾಲು ನಿಂತರು. ಆಧಾರ ಕಾರ್ಡು ಇತ್ತು, ರೇಷನ್ ಕಾರ್ಡು ಇತ್ತು. ಫೋನ್ ನಂಬರ್ ಹೇಳ್ರಿ ಅಂದ. ಗಂಡಂದಿರ ನಂಬರ್ ಕೊಟ್ಟರೆ ಮೆಸೇಜು ಗೋವಾದಲ್ಲಿ ಹೋಗಿ ಬೀಳುತ್ತದೆ, ಇಲ್ಲಿ ಗಾಡಿ ಬಂದರೆ ಯಾರಿಗೆ ಗೊತ್ತಾಗಬೇಕು? ಮೊದಲು ದುರಗವ್ವ ನನ್ನ ಕಡೆ ಕೈ ಮಾಡಿದಳು, ಆಮೇಲೆ ಖಾಜಾಬಿ, ಆಮೇಲೆ ಎಲ್ಲರೂ. ದ್ಯಾಮವ್ವಾಯಿ ನಂಬರ್ ಬರ್ಕೊಳ್ರಿ, ಆಯಿ ಎಲ್ಲಿಗೂ ಹೋಗಂಗಿಲ್ಲ, ಇಲ್ಲೇ ಇರತಾಳ. ಹೀಗೆ ಹನ್ನೊಂದು ಮನೆಯ ಗ್ಯಾಸಿಗೆ ನನ್ನ ಒಂದೇ ನಂಬರು ಬಿತ್ತು. ಬರೆದುಕೊಂಡವನು ಬೇಡ ಅನ್ನಬೇಕಿತ್ತು. ಅವನಿಗೇನು, ಅಷ್ಟು ಫಾರ್ಮು ತುಂಬಿದರೆ ಅವನ ಕೆಲಸ ಮುಗಿಯಿತು. ನಾನಾದರೂ ಬೇಡ ಅಂದೆನೇ? ಇಲ್ಲ. ಇಡೀ ಓಣಿ ನನ್ನ ನಂಬಿತು ಅಂತ ಮೈ ಉಬ್ಬಿಸಿಕೊಂಡು ಮನೆಗೆ ಬಂದೆ.

ಗ್ಯಾಸಿನ ಏಜೆನ್ಸಿ ನಮ್ಮೂರಿಗೆ ದೂರ. ಗಾಡಿ ಗುರುವಾರ ಬರುತ್ತಿತ್ತು, ಅದೂ ಊರೊಳಗೆ ಅಲ್ಲ, ಡಾಂಬರು ರಸ್ತೆಯ ಕ್ರಾಸಿಗೆ. ಅಲ್ಲಿ ನಿಂತು ಹಾರ್ನು ಹೊಡೆಯುತ್ತಿದ್ದರು. ನಾವು ಖಾಲಿ ಸಿಲಿಂಡರನ್ನು ತಲೆ ಮೇಲೆ ಹೊತ್ತೋ, ಸೈಕಲ್ಲಿಗೆ ಕಟ್ಟಿಯೋ ಓಡಬೇಕು. ಮನೆಬಾಗಿಲಿಗೆ ಕೊಡಬೇಕು ಅನ್ನುವ ನಿಯಮ ಇದೆಯೆಂಬುದು ಯಾರಿಗೆ ಗೊತ್ತಿತ್ತು? ಏಳುವುದು ತಡವಾದವಳಿಗೆ, ಹೊಲದಲ್ಲಿದ್ದವಳಿಗೆ ಆ ವಾರ ಇಲ್ಲ.

ಗಾಡಿಯ ಡ್ರೈವರು ಈರಣ್ಣ ಅಂತ. ಮಾತು ಬೆಣ್ಣೆ. ನನಗೆ ಅವ್ವಾ ಅನ್ನುತ್ತಿದ್ದ. ವಾರಕ್ಕೊಂದು ಸಲ, ಎರಡು ಸಲ ಫೋನು ಮಾಡುತ್ತಿದ್ದ.

"ಅವ್ವಾ, ಊಟ ಆತೇನ್ರಿ? ನಿಮ್ಮ ಫೋನಿಗೆ ನಾಕ ಅಂಕಿ ಬಂದಾವ ನೋಡ್ರಿ, ಅಷ್ಟು ಓದಿ ಹೇಳ್ರಿ. ನೀವು ಹೇಳಿದ್ರ ನಿಮ್ಮ ಓಣಿಗೆ ಲೋಡ್ ಲಗೂ ಹಾಕಸ್ತೀನಿ."

ನಾನು ಮೂರನೇ ಇಯತ್ತೆವರೆಗೆ ಸಾಲಿ ಕಲಿತವಳು. ಕನ್ನಡವನ್ನು ಕೂಡಿಸಿ ಕೂಡಿಸಿ ಓದುತ್ತೇನೆ, ಅಂಕಿ ಚೆನ್ನಾಗಿ ಬರುತ್ತವೆ. ಮೆಸೇಜು ಬರುತ್ತಿದ್ದದ್ದು ಇಂಗ್ಲಿಷಿನಲ್ಲಿ. ಜೋಳದ ರೊಟ್ಟಿ ತಟ್ಟುವವಳಿಗೆ ಇಂಗ್ಲಿಷಿನಲ್ಲಿ ಮೆಸೇಜು ಕಳಿಸುವ ಬುದ್ಧಿ ಯಾರದ್ದೋ ನನಗೆ ಇವತ್ತಿಗೂ ತಿಳಿದಿಲ್ಲ. ಅದರಲ್ಲಿ ನನ್ನ ಕಣ್ಣಿಗೆ ಹತ್ತುತ್ತಿದ್ದದ್ದು ಅಂಕಿ ಮಾತ್ರ. ಕಟ್ಟೆ ಮೇಲೆ ಕುಂತು, ಫೋನನ್ನು ದೂರ ಹಿಡಿದು, ಮಂದಿಗೆಲ್ಲ ಕೇಳುವಂತೆ ಓದಿ ಹೇಳುತ್ತಿದ್ದೆ. ಏಳು, ಎರಡು, ಸೊನ್ನೆ, ಒಂಬತ್ತು. ಸಾಲಿ ಮಾಸ್ತರಿಣಿಯಂತೆ. ಖಾಜಾಬಿ ಅಲ್ಲಿಂದ ಹಾದು ಹೋಗುವಾಗ, ದ್ಯಾಮಕ್ಕಾ, ತಾಸಿಗೊಮ್ಮೆ ಪಾಠ ನಡಸ್ತೀಯಲ್ಲ, ನಿನಗ ಪಗಾರ ಎಷ್ಟು ಅಂತ ಕಾಲೆಳೆದು ಹೋಗುತ್ತಿದ್ದಳು. ನಾನು ನಗುತ್ತಿದ್ದೆ.

ಆ ನಾಲ್ಕು ಅಂಕಿಯ ಅರ್ಥ ಏನು ಅಂತ ಅವನು ಹೇಳಲಿಲ್ಲ, ನಾನು ಕೇಳಲಿಲ್ಲ.

ನಮ್ಮ ಕಡೆ ಮಳೆ ಅಂದರೆ ಬಂದು ಮುಖ ತೋರಿಸಿ ಹೋಗುವಂಥದ್ದು. ಆ ವರ್ಷ ಶ್ರಾವಣದಲ್ಲಿ ಬಂದದ್ದು ಹೋಗಲಿಲ್ಲ. ಹತ್ತು ದಿನ ಬಿಸಿಲು ಕಾಣಲಿಲ್ಲ. ಮಣ್ಣಿನ ಮಾಳಿಗೆಗಳು ಸೋರಿದವು, ಗೋಡೆಗಳು ಹೊಟ್ಟೆ ಬಿಟ್ಟವು. ಹಿತ್ತಲಲ್ಲಿ ಒಟ್ಟಿದ್ದ ಹತ್ತಿ ಕಟ್ಟಿಗೆ ನೀರು ಕುಡಿದು ಕರ್ರಗಾಯಿತು. ಕುಳ್ಳು ಕರಗಿ ಮತ್ತೆ ಸೆಗಣಿಯಾದವು. ಜಾಲಿ ಕಟ್ಟಿಗೆ ಹಚ್ಚಿದರೆ ಹತ್ತುತ್ತಿರಲಿಲ್ಲ, ಬರೀ ಹೊಗೆ ಕಾರುತ್ತಿತ್ತು. ಮೊದಲಾದರೆ ರೇಷನ್ ಅಂಗಡಿಯಲ್ಲಿ ಚಿಮಣಿ ಎಣ್ಣೆ ಕೊಡುತ್ತಿದ್ದರು, ಒಂದು ಗುಟುಕು ಸುರಿದರೆ ಹಸಿ ಕಟ್ಟಿಗೆಯೂ ಹತ್ತುತ್ತಿತ್ತು. ಗ್ಯಾಸು ಬಂದ ಮನೆಗೆ ಚಿಮಣಿ ಎಣ್ಣೆ ಇಲ್ಲ ಅಂತ ಅದನ್ನು ನಿಲ್ಲಿಸಿದ್ದರು. ಗ್ಯಾಸು ಬಂದಿದೆ ಅಂತ ಎಣ್ಣೆ ಇಲ್ಲ, ಲೋಡು ಬಂದಿಲ್ಲ ಅಂತ ಗ್ಯಾಸೂ ಇಲ್ಲ. ಈ ಎರಡು ಕಾಗದ ಬರೆದವರು ಒಂದು ದಿನ ನಮ್ಮ ಒಲೆಯ ಮುಂದೆ ಕುಂತು ಊದಬೇಕಿತ್ತು.

ನಮ್ಮ ಮನೆಯ ಸಿಲಿಂಡರು ಮುಗಿದದ್ದು ಶ್ರಾವಣದ ಮೊದಲ ಸೋಮವಾರ. ಒಲೆಯ ಉರಿ ಕೆಂಪಾಗಿ, ಸಣ್ಣಗಾಗಿ, ಪುಸ್ ಅಂತ ಆರಿತು. ಗುರುವಾರ ಖಾಲಿ ಸಿಲಿಂಡರು ಹೊತ್ತುಕೊಂಡು ಮಳೆಯಲ್ಲಿ ಕ್ರಾಸಿಗೆ ಹೋದೆ. ಗಾಡಿಯಲ್ಲಿ ಆರೇಳು ಇದ್ದವು, ಮುಂದೆ ನಿಂತ ಬೇರೆ ಓಣಿಯವರಿಗೆ ಹೋದವು. ಈರಣ್ಣ ಕೈ ಜೋಡಿಸಿದ. ಲೋಡ್ ಇಲ್ಲ ಅವ್ವಾ, ಮಳಿಗೆ ರಸ್ತೆ ಕೆಟ್ಟಾವ, ಮುಂದಿನ ವಾರ ಮೊದಲು ನಿಮಗೇ ಅಂದ. ಮುಂದಿನ ವಾರ ಗಾಡಿಯೇ ಬರಲಿಲ್ಲ. ಅದರ ಮುಂದಿನ ವಾರ ಬಂತು, ಬಂದು ಬೇರೆ ಓಣಿಗೆ ನಾಲ್ಕು ಇಳಿಸಿ ಹೋಯಿತು. ಆದರೆ ಫೋನು ಮಾತ್ರ ತಪ್ಪಲಿಲ್ಲ. ಅವ್ವಾ, ಅಂಕಿ ಬಂದಾವ, ಹೇಳ್ರಿ. ನಾನು ಹೇಳಿದೆ. ಹೇಳಿದರೆ ಲಗೂ ಬರುತ್ತದಲ್ಲ ಅಂತ, ಸೊಸೆಯ ಮುಖ ನೋಡಿಕೊಂಡು, ಇನ್ನೂ ಜೋರಾಗಿ ಹೇಳಿದೆ.

ಅಡುಗೆ ನಾನೇ ಮಾಡುತ್ತೇನೆ, ನೀನು ಪಡಸಾಲೆಯಲ್ಲಿ ಬಾಗಿಲು ಹಾಕಿಕೊಂಡು ಕುಂದ್ರು ಅಂತ ಶರಣವ್ವನಿಗೆ ತಾಕೀತು ಮಾಡಿದ್ದೆ. ಹಿತ್ತಲಲ್ಲಿ ಒಂದು ತಗಡು ಕಟ್ಟಿ, ಕೆಳಗೆ ಮೂರು ಕಲ್ಲಿಟ್ಟು ಒಲೆ ಹೂಡಿದೆ. ಗಾಳಿ ಹೊಗೆಯನ್ನು ಹೊರಗೆ ಒಯ್ಯಲಿಲ್ಲ, ಮನೆಯೊಳಗೇ ನುಗ್ಗಿಸಿತು. ಜೋಳದ ರೊಟ್ಟಿಗೆ ಉರಿ ಗಟ್ಟಿ ಇರಬೇಕು. ನನ್ನ ರೊಟ್ಟಿ ಒಂದು ಕಡೆ ಹಸಿ, ಒಂದು ಕಡೆ ಕರಕಲು. ಮೂರನೇ ದಿನ ಶರಣವ್ವ ಬಾಗಿಲು ತೆಗೆದುಕೊಂಡು ಬಂದು ನನ್ನ ಕೈಯಿಂದ ಹಿಟ್ಟು ಕಸಿದುಕೊಂಡಳು.

"ಅತ್ತಿ, ನೀವು ಸರೀರಿ. ನಿಮ್ಮ ರೊಟ್ಟಿ ತಿಂದು ಸಾಯೋದಕ್ಕಿಂತ ದಮ್ಮಿನಾಗ ಸಾಯೋದು ಛಲೋ."

ಬೈದೆ. ಅವಳು ಕೇಳಲಿಲ್ಲ. ಹೊಲಕ್ಕೆ ಹೋಗುವ ಮುದುಕಿ ಬರೀ ಹೊಟ್ಟೆಯಲ್ಲಿ ಹೋಗುತ್ತಾಳೆ ಅಂತ ಅವಳ ಜೀವ ಮಿಡುಕುತ್ತಿತ್ತು. ಸೆರಗನ್ನು ಮೂಗಿಗೆ ಕಟ್ಟಿಕೊಂಡು ತಟ್ಟಿದಳು. ಎರಡು ರೊಟ್ಟಿಗೊಮ್ಮೆ ಎದ್ದು ಹೋಗಿ ಮಳೆಯಲ್ಲಿ ನಿಂತು ಉಸಿರು ಎಳೆದುಕೊಂಡು ಬರುತ್ತಿದ್ದಳು. ಎಳೆಯುವಾಗ ಎದೆಯೊಳಗೆ ಬೆಕ್ಕು ಕುಂತು ಗುರುಗುಟ್ಟಿದಂತೆ ಕೇಳುತ್ತಿತ್ತು. ನಾನು ಆ ಸಪ್ಪಳ ಕೇಳುತ್ತಾ ರೊಟ್ಟಿ ತಿಂದೆ. ತಿಂದೆ, ಸುಳ್ಳು ಯಾಕೆ ಹೇಳಲಿ.

ನಾಲ್ಕನೇ ಗುರುವಾರದ ಹಿಂದಿನ ದಿನ ಬೆಳಿಗ್ಗೆ ಅವಳು ಒಲೆಯ ಮುಂದೆಯೇ ಕುಸಿದಳು. ತುಟಿ ನೀಲಿಯಾಗಿದ್ದವು. ಮಾತಾಡಲು ಬಾಯಿ ತೆರೆದರೆ ಗಾಳಿ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಖಾಜಾಬಿಯ ಗಂಡ ಹುಸೇನಸಾಬ ಆ ವರ್ಷ ಗುಳೆ ಹೋಗದೆ ಸಾಮಾನು ಸಾಗಿಸುವ ಟಂಟಂ ಓಡಿಸುತ್ತಿದ್ದ. ಅದರಲ್ಲಿದ್ದ ಉಳ್ಳಾಗಡ್ಡಿ ಚೀಲಗಳನ್ನು ಕೆಸರಿಗೆ ಎಸೆದು ಅವಳನ್ನು ಹಾಕಿಕೊಂಡು ಕೊಪ್ಪಳಕ್ಕೆ ಹೊಡೆದ. ಖಾಜಾಬಿ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ದಾರಿಯುದ್ದಕ್ಕೂ ಅಲ್ಲಾನನ್ನು ಕರೆದಳು. ನಾನು ಯಾರನ್ನೂ ಕರೆಯಲಿಲ್ಲ. ಅವಳ ಮೂಗಿನ ಮುಂದೆ ಬೆರಳು ಹಿಡಿದುಕೊಂಡು ಕುಂತಿದ್ದೆ.

ಆಸ್ಪತ್ರೆಯಲ್ಲಿ ಮೂಗಿಗೆ ಮುಚ್ಚಳ ಹಾಕಿ ಗಾಳಿ ಕೊಟ್ಟರು. ಸಂಜೆ ಹೊತ್ತಿಗೆ ತುಟಿಗೆ ಬಣ್ಣ ಬಂತು. ಸಣ್ಣ ವಯಸ್ಸಿನ ಡಾಕ್ಟರಮ್ಮ ಬಂದು ನನ್ನನ್ನೇ ದಬಾಯಿಸಿದರು. ಹೊಗೆಯಲ್ಲಿ ಕೂಡಿಸಬೇಡ್ರಿ ಅಂತ ಬರೆದುಕೊಟ್ಟಿದ್ದರೂ ಕೂಡಿಸಿದ್ದೀರಿ, ಮನೆಯಲ್ಲಿ ಗ್ಯಾಸು ಇಲ್ಲವೇ ಅಂದರು. ಇದೆ, ಸಿಲಿಂಡರು ಬಂದಿಲ್ಲ ಅಂದೆ. ಅವರು ನಂಬಲಿಲ್ಲ. ಅತ್ತೆಯರು ಹೇಳುವ ಇಂಥ ಮಾತು ಅವರು ಬೇಕಾದಷ್ಟು ಕೇಳಿರಬೇಕು.

ಪಕ್ಕದ ಮಂಚದಲ್ಲಿ ಕಿನ್ನಾಳದ ಒಬ್ಬ ಹೆಂಗಸು ಮಲಗಿದ್ದಳು. ಅವಳನ್ನು ನೋಡಿಕೊಳ್ಳಲು ಕಾಲೇಜು ಓದುವ ಮಗಳು ಬಂದಿದ್ದಳು, ಗೀತಾ ಅಂತ. ಮಾರನೇ ದಿನ, ಗುರುವಾರ, ನನ್ನ ಫೋನು ಟಿಣ್ ಟಿಣ್ ಅಂತ ಬಡಿದುಕೊಂಡಿತು. ಈರಣ್ಣ ಕೇಳುತ್ತಾನೆ, ಅಂಕಿ ಬಂದಿರಬೇಕು ಅಂತ ಕಣ್ಣು ಕಿರಿದು ಮಾಡಿ ನೋಡುತ್ತಿದ್ದೆ. ಆಯಿ, ನಾ ಓದ್ಲೇನ್ರಿ ಅಂತ ಗೀತಾ ಫೋನು ತೆಗೆದುಕೊಂಡಳು. ಓದಿದಳು. ಮತ್ತೆ ಹಿಂದಿನದನ್ನು ಓದಿದಳು. ಅದರ ಹಿಂದಿನದನ್ನೂ. ಅವಳ ಮುಖ ಸಣ್ಣಗಾಯಿತು.

"ಆಯಿ, ಶರಣಮ್ಮ ಅಂದ್ರ ಯಾರ್ರಿ?"

"ಇಲ್ಲೇ ಮಲಗ್ಯಾಳಲ್ಲವ್ವಾ, ನನ್ನ ಸೊಸಿ."

"ಇವರ ಸಿಲಿಂಡರ್ ನಿಮ್ಮನಿಗೆ ಮುಟ್ಟೈತಿ ಅಂತ ಐತ್ರಿ. ಹದಿನೈದು ದಿನದ ಹಿಂದ."

ಮುಟ್ಟಿಲ್ಲ ಅಂದೆ. ಅವಳು ನನ್ನ ಪಕ್ಕದಲ್ಲಿ ಕುಂತು ಒಂದೊಂದಾಗಿ ಕನ್ನಡದಲ್ಲಿ ಹೇಳುತ್ತಾ ಹೋದಳು. ದುರಗವ್ವನಿಗೆ ಮುಟ್ಟಿದೆ. ಖಾಜಾಬಿಗೆ ಮುಟ್ಟಿದೆ. ಫಕೀರವ್ವನಿಗೆ ಎರಡು ಸಲ ಮುಟ್ಟಿದೆ. ಫಕೀರವ್ವ ಆರು ತಿಂಗಳಿಂದ ಸಿಲಿಂಡರನ್ನೇ ತರಿಸಿರಲಿಲ್ಲ, ಅವಳ ಖಾಲಿ ಸಿಲಿಂಡರಿನ ಮೇಲೆ ಕೋಳಿ ಮಲಗುತ್ತಿತ್ತು. ಹನ್ನೊಂದು ಮನೆಯವರ ಹೆಸರಿನಲ್ಲಿ ಬುಕ್ ಆಗಿ, ಹನ್ನೊಂದು ಮನೆಗೆ ಮುಟ್ಟಿ, ಒಂದು ಮನೆಯಲ್ಲೂ ಒಲೆ ಹತ್ತಿರಲಿಲ್ಲ.

ಮುಟ್ಟಿದೆ ಅಂತ ಬರೆದವರು ಯಾರು ಅಂತ ಕೇಳಿದೆ. ಗೀತಾ ನನ್ನ ಮುಖ ನೋಡಲಿಲ್ಲ. ಸಿಲಿಂಡರು ಕೈಗೆ ಬಂದಮೇಲೆ ಕೊಡುವ ಗುರುತಿನ ನಂಬರಂತೆ ಅದು. ಆ ನಾಲ್ಕು ಅಂಕಿ ಹೇಳಿದರೆ, ನನಗೆ ಮುಟ್ಟಿತು ಅಂತ ಹೆಬ್ಬೆಟ್ಟು ಒತ್ತಿದ ಹಾಗೆ. ಯಾರಿಗೂ ಮೊದಲೇ ಹೇಳಬಾರದು ಅಂತ ಅದೇ ಮೆಸೇಜಿನಲ್ಲಿ, ಅದೇ ಇಂಗ್ಲಿಷಿನಲ್ಲಿ ಬರೆದಿತ್ತಂತೆ.

ಶರಣವ್ವ ಮುಚ್ಚಳದ ಒಳಗಿಂದ ನನ್ನನ್ನೇ ನೋಡುತ್ತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಅವಳ ಸಿಲಿಂಡರಿನ ಅಂಕಿಯನ್ನೂ ನಾನೇ ಕಟ್ಟೆ ಮೇಲೆ ಕುಂತು ಓದಿದ್ದೆ. ಅವಳು ಆಗ ಒಳಗೆ ಕೆಮ್ಮುತ್ತಿದ್ದಳು.

ಅಷ್ಟರಲ್ಲಿ ಫೋನು ಬಡಿಯಿತು. ಈರಣ್ಣ. ಅವ್ವಾ, ಅಂಕಿ ಬಂದಾವ ಅಂದ. ನನ್ನ ಬಾಯಿಗೆ ಬಂದ ಬೈಗುಳವನ್ನು ನುಂಗಿದೆ. ಬೈದರೆ ಅವನು ಮುಂದಿನ ವಾರ ಬರುವುದಿಲ್ಲ. ಊರಲ್ಲಿಲ್ಲ ಯಪ್ಪಾ, ಬಂದಮೇಲೆ ಹೇಳತೀನಿ ಅಂದೆ. ಇಷ್ಟು ವರ್ಷದಲ್ಲಿ ನಾನು ಅಷ್ಟು ಮೆತ್ತಗೆ ಯಾರ ಜೊತೆಗೂ ಮಾತಾಡಿರಲಿಲ್ಲ.

ನಾಲ್ಕು ದಿನಕ್ಕೆ ಶರಣವ್ವನನ್ನು ಕರೆದುಕೊಂಡು ಊರಿಗೆ ಬಂದೆವು. ಗೀತಾ ಎಲ್ಲ ಮೆಸೇಜನ್ನೂ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟಿದ್ದಳು. ಅದನ್ನು ಹಿಡಿದುಕೊಂಡು ಅದೇ ಕಟ್ಟೆಗೆ ಹೋಗಿ ಎಲ್ಲರನ್ನೂ ಕರೆಸಿದೆ. ಮಳೆ ಹಿಡಿದಿತ್ತು, ಕೆಸರಿನಲ್ಲಿ ಬಂದು ನಿಂತರು. ಕೂಡಿಸಿ ಕೂಡಿಸಿ ಓದಿದೆ. ಯಾರ ಹೆಸರಿನ ಸಿಲಿಂಡರು ಎಷ್ಟು ಸಲ ಹೋಗಿದೆ, ಹೋದದ್ದು ನನ್ನ ಬಾಯಿಂದ ಅಂತ.

ದುರಗವ್ವ ಮೊದಲು ಬಾಯಿ ಬಿಟ್ಟಳು.

"ನಿನಗ ಎಷ್ಟು ಕೊಟ್ಟಾನ ಅಂವ? ಸುಮ್ನ ಯಾರರ ದಿನಾ ಕುಂತು ಓದತಾರೇನು?"

ಆ ಮಾತು ಇವತ್ತಿಗೂ ಎದೆಯಲ್ಲಿ ಮುಳ್ಳಿನಂತೆ ಮುರಿದು ನಿಂತಿದೆ. ಅವಳು ಕೇಳಿದ್ದು ತಪ್ಪಲ್ಲ. ನಾನು ಅವಳ ಜಾಗದಲ್ಲಿದ್ದರೆ ಇನ್ನೂ ಕೆಟ್ಟದಾಗಿ ಕೇಳುತ್ತಿದ್ದೆ. ನಾನು ಅಳಲಿಲ್ಲ. ತಪ್ಪು ಮಾಡಿದವಳು ಅತ್ತರೆ ಮಂದಿ ಸಮಾಧಾನ ಮಾಡುತ್ತಾ ಕೂಡಬೇಕಾಗುತ್ತದೆ, ಆ ಕೆಲಸವನ್ನೂ ಅವರಿಗೆ ಹಚ್ಚಲಿಕ್ಕೆ ನನಗೆ ಮನಸ್ಸಿರಲಿಲ್ಲ. ಖಾಜಾಬಿ ಸೆರಗಿನಿಂದ ಮುಖದ ಮೇಲಿನ ಮಳೆನೀರು ಒರೆಸಿಕೊಂಡಳು. ಆಮೇಲೆ, ಪಗಾರ ಸಿಕ್ಕಿದ್ರ ಈಕಿ ಸೊಸಿನ್ನ ಹೊಗಿಯಾಗ ಕೂಡಸ್ತಿದ್ದಳೇನು ದುರಗೀ ಅಂದಳು. ನಾನು ಸರಿ ಅಂತ ಅವಳು ಹೇಳಲಿಲ್ಲ. ಅಷ್ಟೇ ಹೇಳಿ, ಗುರುವಾರಕ್ಕೆ ಏನು ಮಾಡೋಣ ಅಂದಳು.

ಗುರುವಾರ ಮುಂಜಾನೆ ಈರಣ್ಣ ಫೋನು ಮಾಡಿದ. ಬಾ ಯಪ್ಪಾ, ಇವತ್ತ ಬಾಳ ಅಂಕಿ ಬಂದಾವ, ಎದುರಿಗೇ ಹೇಳತೀನಿ ಅಂದೆ. ಬಂದ. ಗಾಡಿ ಕ್ರಾಸಿನಲ್ಲಿ ನಿಲ್ಲುವುದೇ ತಡ, ಹನ್ನೊಂದು ಮಂದಿ ಹನ್ನೊಂದು ಖಾಲಿ ಸಿಲಿಂಡರನ್ನು ಗಾಡಿಯ ಮುಂದೆ ಆರು, ಹಿಂದೆ ಐದು ಇಟ್ಟು ಅವುಗಳ ಮೇಲೆ ಕುಂತೆವು. ಫಕೀರವ್ವ ಕೋಳಿಯನ್ನು ಎಬ್ಬಿಸಿ ತನ್ನದನ್ನೂ ತಂದಿದ್ದಳು. ಮಳೆ ಸಣ್ಣಗೆ ಬೀಳುತ್ತಿತ್ತು. ಶರಣವ್ವನನ್ನು ಮನೆಯಲ್ಲಿ ಬಿಟ್ಟು ಬಂದಿದ್ದೆ. ಅವಳೇ ತನ್ನ ಕಾಲ ಮೇಲೆ ಬಂದು, ದಾರಿಯಲ್ಲಿ ಮೂರು ಕಡೆ ಕುಂತು, ನಮ್ಮ ಜೊತೆ ಸೇರಿಕೊಂಡಳು.

ಈರಣ್ಣ ಮೊದಲು ನಕ್ಕ, ಆಮೇಲೆ ಗದರಿದ, ಆಮೇಲೆ ಕೈ ಮುಗಿದ. ತಾನು ಬರೀ ಡ್ರೈವರು, ಮ್ಯಾನೇಜರು ಹೇಳಿದಂತೆ ಕೇಳುವವನು ಅಂದ. ಹಾಗಾದರೆ ಮ್ಯಾನೇಜರನ್ನು ಕರೆಸು ಅಂದೆವು. ಹುಸೇನಸಾಬ ಯಲಬುರ್ಗಾಕ್ಕೆ ಹೋಗಿ, ರೇಷನ್ ಮತ್ತು ಗ್ಯಾಸು ನೋಡುವ ಆಹಾರ ಇಲಾಖೆಯ ಸಾಹೇಬರಿಗೆ, ಗಾಡಿ ಹಿಡಿದಿದ್ದಾರೆ ಬರ್ರಿ ಅಂತ ಹೇಳಿ ಬಂದ. ಗಾಡಿ ಹಿಡಿಯದಿದ್ದರೆ ಅವರು ಬರುತ್ತಿರಲಿಲ್ಲ. ಸಿಲಿಂಡರು ಸರಿಯಾಗಿ ಬರುತ್ತಿಲ್ಲ ಅಂತ ಹಿಂದೆ ಓಣಿಯವರು ಎರಡು ಸಲ ಅರ್ಜಿ ಕೊಟ್ಟಾಗ ಬಂದಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮ್ಯಾನೇಜರು ಕಾರಿನಲ್ಲಿ ಬಂದ, ಸಾಹೇಬರು ಜೀಪಿನಲ್ಲಿ ಬಂದರು. ಮ್ಯಾನೇಜರ ಬೂಟಿಗೆ ಕೆಸರು ಹತ್ತಿತು ಅಂತ ಅವನಿಗೆ ಮೊದಲು ಅದರದೇ ಚಿಂತೆ. ಸಾಹೇಬರು ನನ್ನ ಫೋನನ್ನೂ ಗೀತಾಳ ಹಾಳೆಯನ್ನೂ ಇಟ್ಟುಕೊಂಡು ತಾಳೆ ನೋಡಿದರು. ನೋಡುತ್ತಾ ನೋಡುತ್ತಾ ಅವರ ಹಣೆ ಗಂಟಾಯಿತು. ಮ್ಯಾನೇಜರು ಮಾತ್ರ ತಣ್ಣಗೆ ಇದ್ದ.

"ಸರ್, ನಮ್ಮ ತಪ್ಪು ಏನೈತ್ರಿ? ಈ ಅಮ್ಮಾರ ತಮ್ಮ ಬಾಯಿಂದ ನಂಬರ್ ಕೊಟ್ಟಾರ. ನಂಬರ್ ಕೊಟ್ಟರ ಮುಟ್ಟಿತು ಅಂತ ಒಪ್ಪಿದಂಗ. ಕಂಪ್ಯೂಟರ್ ಹಂಗ ಹೇಳತೈತಿ."

ಸಾಹೇಬರು ನನ್ನ ಕಡೆ ನೋಡಿದರು. ಓಣಿಯವರೆಲ್ಲರೂ ನೋಡಿದರು. ನಾನು ಸಿಲಿಂಡರಿನ ಮೇಲಿಂದ ಎದ್ದೆ.

"ಕೊಟ್ಟೀನಿ. ನನ್ನ ಬಾಯಿ ಮಾಡಿದ ತಪ್ಪು ನಾ ಓಣಿ ಮುಂದ ನಿಂತು ಒಪ್ಕೊಂಡೀನಿ. ನಿನ್ನ ಕೈ ಮಾಡಿದ್ದನ್ನ ನೀ ಒಪ್ಕೋ. ನಂಬರ್ ನನ್ನ ಬಾಯಾಗಿಂದ ಬಂತು, ಸಿಲಿಂಡರ್ ಎಲ್ಲಿ ಹೋತು? ನಾ ನುಂಗೀನೇನು?"

ಆಗ ಶರಣವ್ವ ಕೆಮ್ಮಿದಳು. ಬೇಕಂತ ಕೆಮ್ಮಿದ್ದಲ್ಲ. ಒಮ್ಮೆ ಶುರುವಾದ ಕೆಮ್ಮು ನಿಲ್ಲಲಿಲ್ಲ, ಬಗ್ಗಿ ಎರಡೂ ಕೈಯಿಂದ ಸಿಲಿಂಡರು ಹಿಡಿದುಕೊಂಡಳು, ಖಾಜಾಬಿ ಬೆನ್ನು ತಿಕ್ಕಿದಳು. ಅದು ಮುಗಿಯುವವರೆಗೆ ಎಲ್ಲರೂ ನಿಂತೇ ಇರಬೇಕಾಯಿತು. ಮ್ಯಾನೇಜರು ಬೂಟು ನೋಡಿಕೊಂಡ. ಸಾಹೇಬರು ಈರಣ್ಣನನ್ನು ಕರೆದು, ಗಾಡಿಯಲ್ಲಿ ಇದ್ದಷ್ಟನ್ನು ಇಲ್ಲೇ ಇಳಿಸು ಅಂದರು. ಆಮೇಲೆ ಅವನನ್ನು ಜೀಪಿನ ಹಿಂದೆ ಕರೆದುಕೊಂಡು ಹೋಗಿ ಕೇಳಿದರು. ಅವನು ಬಾಯಿ ಬಿಟ್ಟ. ಹೆದ್ದಾರಿಯ ಖಾನಾವಳಿಗಳಿಗೆ, ಮದುವೆ ಅಡುಗೆ ಮಾಡುವವರಿಗೆ, ಎರಡು ಮೂರು ಕಡೆ ಇಳಿಸಿದ್ದು. ಯಾರು ಪದೇ ಪದೇ ಸಿಲಿಂಡರು ತರಿಸುವುದಿಲ್ಲವೋ, ಯಾರ ಗಂಡ ಊರಲ್ಲಿಲ್ಲವೋ, ಯಾರಿಗೆ ಓದಲು ಬರುವುದಿಲ್ಲವೋ, ಅಂಥವರ ಹೆಸರನ್ನು ಮೊದಲೇ ಆರಿಸಿ ಇಟ್ಟುಕೊಂಡಿದ್ದರಂತೆ. ನಮ್ಮ ಬಡತನದ ಪಟ್ಟಿಯನ್ನು ಸರ್ಕಾರಕ್ಕಿಂತ ಚೆನ್ನಾಗಿ ಅವರು ಬರೆದುಕೊಂಡಿದ್ದರು.

ಆ ದಿನ ಗಾಡಿಯಲ್ಲಿದ್ದ ಮೊದಲ ಸಿಲಿಂಡರು ನಮ್ಮ ಮನೆಗೆ ಹೋಗಲಿ ಅಂತ ದುರಗವ್ವನೇ ಅಂದಳು. ಎಷ್ಟು ಕೊಟ್ಟ ಅಂತ ಕೇಳಿದ ಅದೇ ದುರಗವ್ವ. ಅವಳೇ ತಲೆ ಮೇಲೆ ಹೊತ್ತುಕೊಂಡು ಬಂದು ನಮ್ಮ ಅಡುಗೆಮನೆಯಲ್ಲಿ ಇಳಿಸಿದಳು. ನನ್ನ ಜೊತೆ ಮಾತ್ರ ಮಾತಾಡಲಿಲ್ಲ. ಮಾತಾಡಿದ್ದು ದೀಪಾವಳಿ ಆದಮೇಲೆ.

ಆಮೇಲೆ ಏನಾಯಿತು ಅಂತ ಕೇಳುತ್ತೀರಿ. ಏಜೆನ್ಸಿಗೆ ನೋಟೀಸು ಹೋಯಿತಂತೆ. ನೋಟೀಸು ಏನಾಯಿತೋ ನಮಗೆ ಯಾರೂ ಹೇಳಲಿಲ್ಲ. ಹೋದ ಸಿಲಿಂಡರು ಒಂದೂ ವಾಪಸು ಬರಲಿಲ್ಲ. ಈರಣ್ಣನನ್ನು ಕೆಲಸದಿಂದ ತೆಗೆದರು, ಮ್ಯಾನೇಜರು ಇನ್ನೂ ಅದೇ ಕುರ್ಚಿಯಲ್ಲಿದ್ದಾನೆ. ಇದರಲ್ಲಿ ನನಗೆ ಅಚ್ಚರಿ ಏನೂ ಇಲ್ಲ.

ಆದರೆ ಆ ಸಾಹೇಬರು ಒಂದು ಕೆಲಸ ಮಾಡಿದರು, ಅದನ್ನು ಹೇಳದಿದ್ದರೆ ನನ್ನ ಬಾಯಿ ಇನ್ನೊಂದು ತಪ್ಪು ಮಾಡಿದ ಹಾಗೆ. ಹನ್ನೊಂದು ಹೆಸರಿಗೆ ಹನ್ನೊಂದು ನಂಬರು ಮಾಡಿಸಿದರು. ಫೋನು ಇಲ್ಲದವರಿಗೆ ಗಂಡಂದಿರು ದುಡಿಯಲು ಹೋದ ಊರಿಂದ ಕಳಿಸಲೇಬೇಕಾಯಿತು, ನಾವು ಕಳಿಸುವಂತೆ ಮಾಡಿದೆವು. ಮೆಸೇಜು ಕನ್ನಡದಲ್ಲಿ ಬರುವಂತೆ ಬರೆಸಿದರು. ಗಾಡಿ ಕ್ರಾಸಿನಲ್ಲಿ ನಿಲ್ಲದೆ ಓಣಿಯೊಳಗೆ ಬರಬೇಕು ಅಂತ ಆಯಿತು. ಆ ವಾರ ಯಾರ ಹೆಸರಿಗೆ ಸಿಲಿಂಡರು ಹೊರಟಿದೆ ಅಂತ ಪಂಚಾಯಿತಿ ಗೋಡೆಗೆ ಹಾಳೆ ಹಚ್ಚುತ್ತಾರೆ. ಬುಧವಾರ ಸಂಜೆ ಅದನ್ನು ಕಟ್ಟೆ ಮೇಲೆ ಓದಿ ಹೇಳುವವಳು ನಾನಲ್ಲ, ಶರಣವ್ವ. ಅವಳು ಏಳನೇ ಇಯತ್ತೆ ಕಲಿತವಳು, ಕೇಳಿದ್ದರೆ ಮೊದಲೇ ಓದಿ ಹೇಳುತ್ತಿದ್ದಳು. ನಾನು ಕೇಳಿರಲಿಲ್ಲ. ಫೋನು ನನ್ನ ಸೊಂಟದಲ್ಲಿತ್ತಲ್ಲ, ಅದರ ಗತ್ತು.

ಇನ್ನೊಂದು ನಿಯಮ ನಾವೇ ಮಾಡಿಕೊಂಡದ್ದು. ಸಿಲಿಂಡರು ಮನೆಯೊಳಗೆ ಇಳಿದು, ರೆಗ್ಯುಲೇಟರು ಕೂತು, ಒಲೆಯಲ್ಲಿ ನೀಲಿ ಉರಿ ಹತ್ತಿದ ಮೇಲೆಯೇ ನಾಲ್ಕು ಅಂಕಿ. ಹೊಸ ಡ್ರೈವರು ತಡವಾಗುತ್ತದೆ ಅಂತ ಗೊಣಗುತ್ತಾನೆ. ಆಗಲಿ. ಹನ್ನೊಂದು ಮನೆಯಲ್ಲಿ ಹನ್ನೊಂದು ಸಲ ಕಾಯುತ್ತಾನೆ. ನಾವೂ ಬೇಕಾದಷ್ಟು ಕಾದಿದ್ದೇವೆ.

ಶರಣವ್ವ ಬದುಕಿದ್ದಾಳೆ. ಆದರೆ ಆ ಮೊದಲಿನ ಶರಣವ್ವ ಅಲ್ಲ. ಎರಡು ಕೊಡ ಒಟ್ಟಿಗೆ ಹೊತ್ತು ತರುತ್ತಿದ್ದವಳು ಈಗ ಒಂದು ಬಿಂದಿಗೆಗೆ ಎರಡು ಕಡೆ ನಿಲ್ಲುತ್ತಾಳೆ. ಬಾಯಿಗೆ ಹೊಡೆದುಕೊಳ್ಳುವ ದಮ್ಮಿನ ಪಂಪು ಸದಾ ಸೆರಗಿನ ಗಂಟಿನಲ್ಲಿರುತ್ತದೆ. ಅವಳು ನನ್ನನ್ನು ಒಮ್ಮೆಯೂ ಬೈದಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಮೊನ್ನೆ ಕುಷ್ಟಗಿಯಲ್ಲಿ, ಆ ಹೋಟೆಲ್ಲಿನ ಹಿಂದೆ, ಕೆಂಪು ಸಿಲಿಂಡರುಗಳ ಮಗ್ಗುಲಲ್ಲೇ ಒಬ್ಬ ಹೆಣ್ಣುಮಗಳು ಕುಂತು ಗ್ಲಾಸು ತೊಳೆಯುತ್ತಿದ್ದಳು. ಕಣ್ಣು ಕೆಂಪಗಿದ್ದವು. ಅದು ಅತ್ತ ಕೆಂಪಲ್ಲ, ಒಲೆ ಊದಿ ಊದಿ ಆದ ಕೆಂಪು. ನನಗೆ ಗೊತ್ತಾಗುತ್ತದೆ. ಯಾವೂರು ಅಂದೆ. ಹತ್ತಿರದ್ದೇ ಒಂದು ಹಳ್ಳಿ ಹೇಳಿದಳು. ಮನೆಯಲ್ಲಿ ಗ್ಯಾಸು ಇದೆಯೇ ಅಂದೆ.

"ಐತ್ರಿ ಆಯಿ, ಸರಕಾರದ್ದು. ಸಿಲಿಂಡರ್ ಬರಂಗಿಲ್ಲ. ಲೋಡ್ ಇಲ್ಲಂತ."

"ನಂಬರ್ ಯಾರ ಫೋನಿಗೆ ಬರತೈತಿ?"

"ಯಾ ನಂಬರ್ರಿ?"

ಅಷ್ಟರಲ್ಲಿ ಹೋಟೆಲ್ಲಿನವನು ಚಹಾ ತಂದು, ಇಲ್ಲಿ ಯಾಕ ನಿಂತೀರಿ ಆಯಿ, ಬೆಂಚಿನ ಮ್ಯಾಲ ಕುಂದರ್ರಿ ಅಂದ. ಅತ್ತ ರಸ್ತೆಯಲ್ಲಿ ನನ್ನ ಬಸ್ಸು ಬಂದು ನಿಂತು ಹಾರ್ನು ಹೊಡೆಯಿತು. ಆ ಗ್ಲಾಸನ್ನು ನೋಡಿದೆ. ಯಾರ ಮನೆಯ ಉರಿಯಲ್ಲಿ ಕಾದ ಚಹಾ ಅದು? ಎದುರಿಗೆ ಕುಂತವಳದ್ದೇ ಇರಬಹುದು. ಗ್ಲಾಸನ್ನು ಅವನ ಕೈಯಿಂದ ತೆಗೆದುಕೊಳ್ಳಲಿಲ್ಲ. ಬಸ್ಸು ಹೋಯಿತು, ಸಂಜೆಗೆ ಇನ್ನೊಂದು ಇರುತ್ತದೆ.

ಅಲ್ಲೇ ಬಿದ್ದಿದ್ದ ಒಂದು ಡಬ್ಬಿಯನ್ನು ಬೋರಲು ಹಾಕಿ ಅವಳ ಎದುರಿಗೆ ಕುಂತೆ. ಏನು ಹೇಳಬೇಕು, ಎಲ್ಲಿಂದ ಹೇಳಬೇಕು ಅಂತ ಯೋಚನೆ ಮಾಡಲಿಲ್ಲ. ಹೋಟೆಲ್ಲಿನವನು ಕೇಳಿಸಿಕೊಳ್ಳಲಿ ಅಂತ, ಒಂದು ಕಾಲಕ್ಕೆ ಕಟ್ಟೆ ಮೇಲೆ ಕುಂತು ಓದುತ್ತಿದ್ದ ಅದೇ ದೊಡ್ಡ ದನಿಯಲ್ಲಿ ಶುರು ಮಾಡಿದೆ.

"ಕೈ ಒರಸ್ಕೊಂಡು ಕೇಳವ್ವಾ. ನಮ್ಮೂರಾಗ ಹನ್ನೊಂದು ಮನಿ ಸಿಲಿಂಡರ್ ಕಳದಾಕಿ ನಾನು."